ಕಿವಿಯ ಹಿಂದಿನ ಪುಟ್ಟ ಬಾಗಿಲು

ಶ್ರವಣಸಾಧನ ಎಂದೊಡನೆ ನಮ್ಮ ಗಮನ ಹೋಗುವುದು ಅದರೊಳಗಿನ ಧ್ವನಿವರ್ಧಕದ ಕಡೆಗೆ. ಕ್ಷೀಣವಾದ ದನಿಯನ್ನು ಹಿಡಿದು, ಹಿಗ್ಗಿಸಿ, ಮಂದವಾದ ಕಿವಿಗೆ ಮುಟ್ಟಿಸುವ ಆ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ನಾನು ಈಗ ಪ್ರಸ್ತಾಪಿಸಬೇಕೆಂದಿರುವುದು ಆ ಸಾಧನದ ತೀರ ಸಾಮಾನ್ಯವಾದ, ಯಾರೂ ಹೊಗಳದ ಒಂದು ಭಾಗವನ್ನು: ಅದರ ಬುಡದಲ್ಲಿ, ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ ಕೂಡಿಸಿರುವ ಬ್ಯಾಟರಿ ಗೂಡಿನ ಬಾಗಿಲನ್ನು. ಒಂದು ಭಾಷಣಕ್ಕೆ ಇದೇನು ವಿಷಯ ಎಂದು ಕೆಲವರಿಗೆ ಅನಿಸಬಹುದು. ಆ ಬಾಗಿಲನ್ನು ದಿನಕ್ಕೆರಡು ಬಾರಿ ತೆರೆದು ಮುಚ್ಚುವವರಿಗೆ ಹಾಗೆ ಅನಿಸದು. ಅದು ಮುಚ್ಚಿಕೊಂಡಾಗ ಅವರಿಗೆ ಮನೆಯ ಮಾತು ಕೇಳುತ್ತದೆ. ತೆರೆದುಕೊಂಡಾಗ ಮನೆ ಮೌನವಾಗುತ್ತದೆ.

ಈ ಬಾಗಿಲು ಇಷ್ಟು ಚಿಕ್ಕದಾದದ್ದು ಹೇಗೆಂಬುದಕ್ಕೆ ಒಂದು ಚರಿತ್ರೆಯುಂಟು. ನಿರ್ವಾತ ನಳಿಕೆಗಳ ಕಾಲದ ಶ್ರವಣಸಾಧನಗಳಿಗೆ ಎರಡು ಬಗೆಯ ಬ್ಯಾಟರಿ ಬೇಕಾಗಿತ್ತು. ನಳಿಕೆಯ ತಂತಿಯನ್ನು ಕಾಯಿಸಲು ಒಂದು, ಹೆಚ್ಚಿನ ವೋಲ್ಟೇಜು ಒದಗಿಸಲು ಇನ್ನೊಂದು. ಅವುಗಳ ಭಾರವನ್ನು ಮೈಮೇಲೆ ಹೊತ್ತುಕೊಂಡೇ ಕೇಳಬೇಕಾಗಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಆ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ರೇಡಿಯೋ. ಆದರೆ ಟ್ರಾನ್ಸಿಸ್ಟರ್ ರೇಡಿಯೋ ಅಂಗಡಿಗೆ ಬಂದದ್ದು 1954ರಲ್ಲಿ. ಅದಕ್ಕೂ ಮೊದಲು, 1952ರ ಕೊನೆಯಲ್ಲಿಯೇ, ಟ್ರಾನ್ಸಿಸ್ಟರ್ ಶ್ರವಣಸಾಧನವನ್ನು ಹೊಕ್ಕಿತ್ತು. ಕೇಳಿಸದವರ ಕಿವಿಗೆ ಅದು ಸೇವೆ ಸಲ್ಲಿಸಿದ ಮೇಲೆಯೇ ಕೇಳಿಸುವವರ ಮನೆಗೆ ಬಂದದ್ದು. ಪೆಟ್ಟಿಗೆ ಚಿಕ್ಕದಾಯಿತು, ಜೇಬಿನಿಂದ ಕಿವಿಯ ಹಿಂದಕ್ಕೆ ಸರಿಯಿತು, ಮುಂದೆ ಕಿವಿಯೊಳಕ್ಕೇ ಇಳಿಯಿತು. ಜೇಬಿನ ಪೆಟ್ಟಿಗೆಗೆ ಹಾಕುತ್ತಿದ್ದ ಪೆನ್ಸಿಲ್ ಸೆಲ್ಲನ್ನು ಎಂತಹ ಕೈಯಾದರೂ ಬದಲಾಯಿಸಬಹುದಾಗಿತ್ತು. ಸಾಧನ ಚಿಕ್ಕದಾದಷ್ಟೂ ಕಿವಿಗೆ ಅನುಕೂಲವಾಯಿತು, ಬೆರಳಿಗೆ ಕಷ್ಟವಾಯಿತು.

ಈ ಗೂಡಿನಲ್ಲಿ ಮೊದಲು ಕೂರುತ್ತಿದ್ದುದು ಪಾದರಸದ ಗುಂಡಿ ಸೆಲ್. ಪಾದರಸ ವಿಷವೆಂಬ ಕಾರಣಕ್ಕೆ ಅದು ಕ್ರಮೇಣ ತೆರೆಮರೆಗೆ ಸರಿದು, 1970ರ ದಶಕದ ಕೊನೆಯಿಂದ ಬಳಕೆಗೆ ಬಂದ ಸತುವು-ಗಾಳಿಯ ಸೆಲ್ ಅದರ ಸ್ಥಾನವನ್ನು ಪಡೆಯಿತು. ಇದರ ಸ್ವಭಾವ ವಿಚಿತ್ರ. ಒಳಗೆ ಸತುವಿನ ಪುಡಿ ತುಂಬಿರುತ್ತದೆ. ವಿದ್ಯುತ್ತು ಹುಟ್ಟಲು ಬೇಕಾದ ಆಮ್ಲಜನಕವನ್ನು ಅದು ಹೊರಗಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಅದಕ್ಕಾಗಿ ಚಪ್ಪಟೆಯಾದ ಧನ ಮುಖದಲ್ಲಿ ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೇಲೆ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಚೀಟಿ ಕಿತ್ತ ಬಳಿಕ ಒಂದು ನಿಮಿಷವಾದರೂ ಗಾಳಿಗೆ ಬಿಟ್ಟು, ಆಮೇಲೆ ಗೂಡಿಗಿಡುವುದು ಒಳ್ಳೆಯದು. ಚೀಟಿಯನ್ನು ಮತ್ತೆ ಅಂಟಿಸಿದರೆ ಆರಂಭವಾದ ಕ್ರಿಯೆ ನಿಲ್ಲುವುದಿಲ್ಲ. ಚೀಟಿಯ ಬಣ್ಣವೇ ಅಳತೆಯ ಗುರುತು: 10ನೆಯ ಅಳತೆಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಅತಿ ದೊಡ್ಡದೆನಿಸಿದ 675ರ ವ್ಯಾಸ 11.6 ಮಿಲಿಮೀಟರು, ಅತಿ ಚಿಕ್ಕದಾದ 10ರದು 5.8. 312 ಮತ್ತು 13ರ ಅಗಲ ಒಂದೇ, 7.9 ಮಿಲಿಮೀಟರು, ದಪ್ಪ ಮಾತ್ರ ಬೇರೆ. ಆದ್ದರಿಂದ ಒಂದರ ಗೂಡಿನಲ್ಲಿ ಇನ್ನೊಂದನ್ನಿಟ್ಟು ಬಾಗಿಲನ್ನು ಒತ್ತಿ, ಮುರಿದುಕೊಳ್ಳುವವರಿದ್ದಾರೆ.

ಇಂತಹ ಸೆಲ್ಲಿಗೆ ಬಾಗಿಲು ಮಾಡುವುದು ಸುಲಭದ ಕೆಲಸವಲ್ಲ. ಬಾಗಿಲು ಭದ್ರವಾಗಿರಬೇಕು, ಆದರೆ ಗಾಳಿ ಆಡುವಂತಿರಬೇಕು. ಬೆವರು ಒಳಗಿಳಿಯಬಾರದು, ಇಳಿದ ತೇವ ಒಳಗೇ ಉಳಿಯಲೂಬಾರದು. ನಮ್ಮ ಕರಾವಳಿಯ ಮಳೆಗಾಲವನ್ನು ಕಂಡವರಿಗೆ ಈ ತೊಡಕು ವಿವರಿಸಬೇಕಾಗಿಲ್ಲ. ಬಾಗಿಲು ಒಂದು ಸಣ್ಣ ಕಡ್ಡಿಯ ಮೇಲೆ ತಿರುಗುತ್ತದೆ. ಸೆಲ್ ಕೂರುವುದು ಬಾಗಿಲಿಗೇ ಸೇರಿದ ತೊಟ್ಟಿಲಿನಲ್ಲಿ. ಮುಚ್ಚಿದಾಗ ಎರಡು ಲೋಹದ ಎಸಳುಗಳು ಸೆಲ್ಲನ್ನು ಒತ್ತಿ ಹಿಡಿದು ವಿದ್ಯುತ್ತನ್ನು ಒಯ್ಯುತ್ತವೆ. ಸೆಲ್ಲನ್ನು ಬೋರಲು ಇಟ್ಟರೆ ಬಾಗಿಲು ಮುಚ್ಚದಂತೆ ತೊಟ್ಟಿಲಿನ ಆಕಾರವನ್ನು ಕೊರೆದಿರುತ್ತಾರೆ. ಮುಚ್ಚದ ಬಾಗಿಲು ಇಲ್ಲಿ ಒಂದು ಸೂಚನೆ. ಅದನ್ನು ಬಲವಂತದಿಂದ ಒತ್ತಿದರೆ ಮುರಿಯುವುದು ಆ ತೆಳುವಾದ ಕಡ್ಡಿ. ಹಲವು ಸಾಧನಗಳಲ್ಲಿ ಈ ಬಾಗಿಲೇ ಗುಂಡಿಯ ಕೆಲಸವನ್ನೂ ಮಾಡುತ್ತದೆ. ರಾತ್ರಿ ಮಲಗುವಾಗ ಅದನ್ನು ತೆರೆದಿಟ್ಟರೆ ಸಾಧನ ಆರಿರುತ್ತದೆ, ಒಳಗಿನ ತೇವವೂ ಹೋಗುತ್ತದೆ.

ಇನ್ನು ಈ ಬಾಗಿಲಿಗೆ ಬರುವ ಕೈಗಳನ್ನು ನೋಡೋಣ. ಶ್ರವಣಸಾಧನವನ್ನು ಧರಿಸುವವರಲ್ಲಿ ಬಹುಮಂದಿ ವಯಸ್ಸಾದವರು. ಕಿವಿ ಮಂದವಾಗುವ ಪ್ರಾಯದಲ್ಲಿ ಕಣ್ಣೂ ಮಂದವಾಗಿರುತ್ತದೆ, ಬೆರಳಿನ ಗಂಟುಗಳು ಬಿಗಿದಿರುತ್ತವೆ. ಸಕ್ಕರೆ ಕಾಯಿಲೆಯವರಿಗೆ ಬೆರಳ ತುದಿಯ ಸ್ಪರ್ಶವೂ ಕುಂದಿರಬಹುದು. ಅಂತಹವರ ಕೈಗೆ ನಾವು ಕೊಡುವುದು ಉಗುರಿನಿಂದ ಮೀಟಬೇಕಾದ ಬಾಗಿಲನ್ನು, ಜಾರಿ ಬಿದ್ದರೆ ಚಾಪೆಯ ಎಳೆಯಲ್ಲಿ ಮರೆಯಾಗುವ ಸೆಲ್ಲನ್ನು. ಬಾಗಿಲು ತೆರೆಯಲಾರದ ಹಿರಿಯರು ಸೊಸೆ ಕೆಲಸ ಮುಗಿಸಿ ಬರುವವರೆಗೆ, ಮೊಮ್ಮಗಳು ಶಾಲೆಯಿಂದ ಬರುವವರೆಗೆ ಕಾಯುತ್ತಾರೆ. ಪ್ರತಿ ವಾರವೂ ಕೇಳಲು ಸಂಕೋಚ. ಕೊನೆಗೆ ಒಂದು ದಿನ ಸಾಧನ ಬೀರುವಿನ ಖಾನೆ ಸೇರುತ್ತದೆ. ‘ಅದು ಸರಿಹೋಗಲಿಲ್ಲ’ ಎಂದಷ್ಟೇ ಮನೆಯವರಿಗೆ ಉತ್ತರ ಸಿಗುತ್ತದೆ. ಸರಿಹೋಗದೆ ಇದ್ದದ್ದು ಬಾಗಿಲು ಎಂಬುದು ಯಾರಿಗೂ ತಿಳಿಯದೇ ಹೋಗುತ್ತದೆ.

ಹಾಗಾದರೆ ಬಾಗಿಲನ್ನು ಸಡಿಲ ಮಾಡಿದರೆ ಆಯಿತಲ್ಲ ಎನ್ನಬಹುದು. ಆಗ ಎದುರಾಗುವುದು ಎರಡನೆಯ ಕೈ, ಮಗುವಿನ ಕೈ. ಹೊಳೆಯುವ ಸಣ್ಣ ವಸ್ತು ಮಗುವಿನ ಬೆರಳಿಗೆ ಸಿಕ್ಕಿದರೆ ಅದರ ಮುಂದಿನ ನೆಲೆ ಬಾಯಿ, ಇಲ್ಲವೆ ಮೂಗು. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ, ಬ್ಯಾಟರಿ ನುಂಗಿದ 2,300ಕ್ಕೂ ಮಿಕ್ಕ ಪ್ರಸಂಗಗಳನ್ನು ಪರಿಶೀಲಿಸಿತು. ನುಂಗಿದ ಗುಂಡಿ ಸೆಲ್ಲುಗಳಲ್ಲಿ ಶೇಕಡಾ 44ರಷ್ಟು ಶ್ರವಣಸಾಧನದವು. ಅವುಗಳಲ್ಲಿ ಮೂರರಲ್ಲೊಂದು ಪಾಲನ್ನು ಮಗು ತನ್ನದೇ ಸಾಧನದಿಂದ ತೆಗೆದಿತ್ತು. ಇಂದು ಅತಿ ಹೆಚ್ಚು ಅಪಾಯಕರವೆನಿಸಿರುವುದು ಆಟಿಕೆ, ರಿಮೋಟುಗಳಲ್ಲಿರುವ 3 ವೋಲ್ಟಿನ ಅಗಲವಾದ ಲಿಥಿಯಂ ಬಿಲ್ಲೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾದ ಸುಟ್ಟ ಗಾಯವಾಗಬಹುದು. ತೇವವಾದ ಅಂಗಾಂಶದಲ್ಲಿ ವಿದ್ಯುತ್ತು ಹರಿದು, ಸೆಲ್ಲಿನ ಋಣ ಮುಖದ ಬಳಿ ಸುಡುವ ಕ್ಷಾರ ಹುಟ್ಟುವುದೇ ಇದಕ್ಕೆ ಕಾರಣ. ಶ್ರವಣಸಾಧನದ ಸೆಲ್ ಚಿಕ್ಕದು, ಅದರ ಒತ್ತಡ ಸುಮಾರು 1.4 ವೋಲ್ಟು; ನುಂಗಿದರೆ ಬಹುತೇಕ ತಾನಾಗಿ ಹೊರಹೋಗುತ್ತದೆ. ಆದರೆ ಮೂಗಿನಲ್ಲಿಯೋ ಕಿವಿಯಲ್ಲಿಯೋ ಸಿಕ್ಕಿಕೊಂಡರೆ ಅದೂ ಸುಡಬಲ್ಲದು. ಹುಟ್ಟಿನಿಂದ ಕಿವುಡಾದ ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ಸಾಧನ ತೊಡಿಸುವುದು ಇಂದಿನ ಕ್ರಮ, ಅದೇ ಸರಿಯಾದದ್ದು. ಮೂಗಿನಲ್ಲಿ ಏನು ಸೇರಿತೆಂದು ಹೇಳಲು ಆ ಮಗುವಿಗೆ ಇನ್ನೂ ಮಾತೇ ಬಂದಿರುವುದಿಲ್ಲ.

ಆದ್ದರಿಂದ ಮಕ್ಕಳ ಸಾಧನಗಳಿಗೆ ಬೀಗವುಳ್ಳ ಬಾಗಿಲು ಬಂದಿದೆ. ಕೆಲವಕ್ಕೆ ಸಣ್ಣ ಸಲಕರಣೆಯ ಮೊನೆಯನ್ನು ಕಿಂಡಿಯಲ್ಲಿಟ್ಟು ಮೀಟಬೇಕು. ಕೆಲವಕ್ಕೆ ಒಂದು ಚಿಲಕವನ್ನು ಸರಿಸಿ, ಆಮೇಲೆ ಬಾಗಿಲನ್ನು ಎಳೆಯಬೇಕು. 2012ರ ಅಂತರರಾಷ್ಟ್ರೀಯ ಮಾನಕವೊಂದು, 36 ತಿಂಗಳೊಳಗಿನ ಮಕ್ಕಳಿಗೆಂದು ಮಾಡುವ ಸಾಧನದ ಬ್ಯಾಟರಿ ಗೂಡು ಮಗುವಿನ ಕೈಗೆ ತೆರೆಯದಂತಿರಬೇಕೆಂದು ವಿಧಿಸಿತು. 2019ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಈ ಅಪಾಯವನ್ನೇ ಕುರಿತು ದೇಶವ್ಯಾಪಿ ಎಚ್ಚರಿಕೆ ಹೊರಡಿಸಿತು.

ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಅಜ್ಜನ ಸಾಧನ ಬೇರೆ, ಮಗುವಿನ ಸಾಧನ ಬೇರೆ ಎಂದು ಅಂಗಡಿಯ ಪಟ್ಟಿಯಲ್ಲಿ ವಿಂಗಡಿಸಬಹುದು. ನಮ್ಮ ಮನೆಗಳಲ್ಲಿ ಮಗು ಕೂರುವುದು ಅಜ್ಜನ ತೊಡೆಯ ಮೇಲೆಯೇ. ಅದರ ಕೈ ಮೊದಲು ಹೋಗುವುದು ಅಜ್ಜನ ಕಿವಿಗೆ. ಬೀಗ ಹಾಕಿದರೆ ಅಜ್ಜನಿಗೆ ತೆರೆಯಲಾಗದು. ಹಾಕದಿದ್ದರೆ ಮಗು ತೆರೆದೀತು. ಎರಡು ಕೈಗಳ ಬಲವನ್ನಷ್ಟೇ ಅಳೆದರೆ ಇದಕ್ಕೆ ಪರಿಹಾರ ದೊರೆಯದು. ಬಲ ಕಡಮೆ ಬೇಡುವ, ಆದರೆ ಎರಡು ಹೆಜ್ಜೆಯ ತಿಳಿವಳಿಕೆಯನ್ನು ಬೇಡುವ ಚಿಲಕವೇ ಇಲ್ಲಿ ಮೇಲು. ಆ ಎರಡು ಹೆಜ್ಜೆ ಹಿರಿಯರಿಗೆ ಅಭ್ಯಾಸದಿಂದ ಬರುತ್ತದೆ. ಎಳೆಯ ಮಗುವಿಗೆ ಅಷ್ಟು ಬೇಗ ಹೊಳೆಯುವುದಿಲ್ಲ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾಯಿತು. ಕಿವಿಯನ್ನು ಪರೀಕ್ಷಿಸಿ, ಅಳತೆ ತೆಗೆದು, ಅದಕ್ಕೆ ತಕ್ಕ ಸಾಧನ ಕೊಡಬೇಕೆಂಬ ಮಾತು ಇಂದು ನಮ್ಮ ಜನಕ್ಕೆ ಹೊಸದಲ್ಲ. ಕಿವಿಯ ಪರೀಕ್ಷೆಯ ಜೊತೆಗೆ ಬೆರಳಿನ ಪರೀಕ್ಷೆಯೂ ನಡೆಯಬೇಕೆಂದು ನಾವು ಕೇಳಿಕೊಳ್ಳಬಹುದು. ಸಾಧನ ಕೊಳ್ಳುವ ದಿನ, ಧರಿಸುವವರೇ ಕನ್ನಡಕವಿಲ್ಲದೆ ನಾಲ್ಕಾರು ಬಾರಿ ಬಾಗಿಲು ತೆರೆದು ಮುಚ್ಚಿ ನೋಡಲಿ. ಆಗದಿದ್ದರೆ ದೊಡ್ಡ ಸೆಲ್ಲಿನ ಸಾಧನವನ್ನು ಕೇಳಲಿ. ಅಂದಕ್ಕಿಂತ ಅನುಕೂಲ ಮೇಲು. ಸೆಲ್ಲನ್ನು ಹಿಡಿದೆತ್ತಲು ಅಯಸ್ಕಾಂತದ ತುದಿಯುಳ್ಳ ಕಡ್ಡಿಗಳು ದೊರೆಯುತ್ತವೆ. ಮನೆಯಲ್ಲಿ ಮಗುವಿದ್ದರೆ ಬೀಗದ ಬಾಗಿಲಿದೆಯೇ ಎಂದು ವಿಚಾರಿಸಬೇಕು. ಖರ್ಚಾದ ಸೆಲ್ಲಿನಲ್ಲಿಯೂ ಅಪಾಯ ಉಳಿದಿರುವುದರಿಂದ ಅದನ್ನು ಎಲ್ಲೆಂದರಲ್ಲಿ ಇಡಬಾರದು. ಮಾತ್ರೆಯ ಪಕ್ಕದಲ್ಲಂತೂ ಕೂಡದು. ಮಾತ್ರೆಯೆಂದು ಭ್ರಮಿಸಿ ಸೆಲ್ಲನ್ನೇ ನುಂಗಿದ ಹಿರಿಯರೂ ಇದ್ದಾರೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

2016ರ ಹೊತ್ತಿಗೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಒಳಗೇ ಮುದ್ರಿಸಿದ ಸಾಧನಗಳು ಮಾರುಕಟ್ಟೆಗೆ ಬಂದವು. ರಾತ್ರಿ ತೊಟ್ಟಿಲಿನಲ್ಲಿಟ್ಟರೆ ಬೆಳಗಿಗೆ ತುಂಬಿರುತ್ತವೆ. ಬಾಗಿಲೇ ಇಲ್ಲದ್ದರಿಂದ ಬಾಗಿಲಿನ ಕಷ್ಟವೂ ಇಲ್ಲ. ಗಂಟು ಬಿಗಿದ ಬೆರಳಿಗೂ ಪುಟ್ಟ ಮಗುವಿಗೂ ಇದರಿಂದ ಒಳಿತಾಗಿದೆ. ಆದರೆ ವಿದ್ಯುತ್ತು ಕೈಕೊಟ್ಟ ಊರಿನಲ್ಲಿ, ದೂರದ ಪ್ರಯಾಣದಲ್ಲಿ, ಕೆಲವು ವರ್ಷದ ನಂತರ ಬ್ಯಾಟರಿ ಸೋತಾಗ, ಧರಿಸಿದವರು ಬೇರೆಯವರನ್ನು ಕಾಯಬೇಕು. ಬೆಲೆಯೂ ಎಲ್ಲರ ಕೈಗೆ ಎಟುಕುವಂತಹುದಲ್ಲ. ಹೀಗಾಗಿ ಬಾಗಿಲಿನ ಕಾಲ ಮುಗಿಯಿತೆಂದು ಹೇಳುವಂತಿಲ್ಲ.

ತನ್ನ ಸಾಧನವನ್ನು ತಾನೇ ತೆರೆದು, ತಾನೇ ಮುಚ್ಚಬಲ್ಲ ಮನುಷ್ಯ ಯಾವಾಗ ಕೇಳಬೇಕು, ಯಾವಾಗ ವಿಶ್ರಾಂತಿ ಬೇಕು ಎಂಬುದನ್ನು ತಾನೇ ನಿರ್ಧರಿಸುತ್ತಾನೆ. ಆ ಸ್ವಾತಂತ್ರ್ಯವನ್ನು ಹಿರಿಯರ ಕೈಯಿಂದ ಕಸಿಯದೆ, ಮಗುವನ್ನೂ ಕಾಪಾಡುವ ಹೊಣೆ ಬಾಗಿಲನ್ನು ಮಾಡುವವರದು. ಅಂತಹ ಬಾಗಿಲೇ ಬೇಕೆಂದು ಕೇಳಿ ಪಡೆಯುವ ಹೊಣೆ ನಮ್ಮದು.