ಸೊನ್ನೆ ಯಾರಿಗೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಅವ್ವ ಕಾಯಿಲೆ ಬಿದ್ದಳು. ರಾಗಿ ಕುಯ್ಲಿಗೆ ಅವಳು ಮುಂಗಡ ಈಸ್ಕೊಂಡಿದ್ದಳು. ಅವಳ ಬದಲು ನಾನು ಹೋದೆ, ಎಂಟು ದಿನ. ತಿರುಗಿ ಬರೋ ಹೊತ್ತಿಗೆ ಇತಿಹಾಸದ ಅಸೈನ್‌ಮೆಂಟಿನ ಗಡುವು ಮುಗಿದಿತ್ತು. ರಾತ್ರಿಯೆಲ್ಲ ಕೂತು ಬರೆದು ಒಯ್ದೆ. ಮೇಷ್ಟ್ರು ಹಾಳೆ ಮುಟ್ಟಲಿಲ್ಲ. "ಸೊನ್ನೆ ಹಾಕಾಯ್ತು, ಹೋಗಯ್ಯ. ನಿಮಗೆಲ್ಲ ಸ್ಕಾಲರ್‌ಶಿಪ್ ಬರುತ್ತಲ್ಲ, ಓದೋಕೇನು ಕಷ್ಟ?" ಅಂದರು.

ಆ ವರ್ಷದ ಸ್ಕಾಲರ್‌ಶಿಪ್ ನನ್ನ ಕೈಗೆ ಬಂದದ್ದು ಪರೀಕ್ಷೆ ಮುಗಿದ ಮೇಲೆ. ಆ ಗಡುವು ತಪ್ಪಿದವರಿಗೆ ಯಾರೂ ಸೊನ್ನೆ ಹಾಕಲಿಲ್ಲ.

ಸೊನ್ನೆಯ ಲೆಕ್ಕ ನೋಡಿ. ಹತ್ತು ಅಂಕದ ಐದು ಅಸೈನ್‌ಮೆಂಟು. ನಾಲ್ಕರಲ್ಲಿ ಏಳೇಳು ಬಂದಿದೆ, ಅಂದರೆ ನೂರಕ್ಕೆ 70. ಐದನೆಯದಕ್ಕೆ ಸೊನ್ನೆ ಬಿದ್ದರೆ 50ಕ್ಕೆ 28, ನೂರಕ್ಕೆ 56. ಫಸ್ಟ್ ಕ್ಲಾಸಿನ ಹುಡುಗ ಸೆಕೆಂಡ್ ಕ್ಲಾಸಿಗೆ ಬಿದ್ದ. ಅಂಕ ಅಳೆಯಬೇಕಾದ್ದು ಕಲಿತದ್ದನ್ನ. ಈ ಸೊನ್ನೆ ಅಳೆದದ್ದು ಅವನ ಮನೆಯ ಬಡತನವನ್ನ.

ಬಾಬಾಸಾಹೇಬರನ್ನ ನೆನೆಯಿರಿ. 1917ರಲ್ಲಿ ಬರೋಡದ ಸ್ಕಾಲರ್‌ಶಿಪ್ ಮುಗಿದು ಲಂಡನ್ನಿನ ಓದನ್ನ ಅರ್ಧಕ್ಕೇ ಬಿಟ್ಟು ಬಂದರು. ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದೆಂದು ಅಲ್ಲಿನ ವಿಶ್ವವಿದ್ಯಾಲಯ ಅನುಮತಿ ಕೊಟ್ಟಿತ್ತು. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಮಾಡಿ, ದುಡ್ಡು ಕೂಡಿಸಿ, 1920ರಲ್ಲಿ ಮತ್ತೆ ಹೋದರು. 1921ರಲ್ಲಿ ಎಂ.ಎಸ್ಸಿ. ಪಡೆದರು. ಡಿ.ಎಸ್ಸಿ. ಪ್ರಬಂಧವನ್ನ ಪರೀಕ್ಷಕರು ತಿದ್ದಿ ತನ್ನಿ ಅಂದರು. ತಿದ್ದಿ ಕೊಟ್ಟರು, 1923ರಲ್ಲಿ ಪದವಿ ಬಂತು. ಗಡುವು ಮುಗೀತು, ಸೊನ್ನೆ ಅಂತ ಅವತ್ತು ಲಂಡನ್ನಿನವರು ಬಾಗಿಲು ಹಾಕಿದ್ದರೆ?

ಬರೆಯದವನಿಗೂ ಅಂಕ ಕೊಡಿ ಅಂತ ನಾವು ಕೇಳ್ತಾ ಇಲ್ಲ. ಪುಕ್ಕಟೆ ಅಂಕ ನಮಗೆ ಬೇಡ. ನಾವು ಕೇಳೋದು ಮೂರೇ ಮಾತು.

ಒಂದು: ಸೊನ್ನೆಯ ಬದಲು 'ಬಾಕಿ' ಅಂತ ಬರೆಯಿರಿ, ಇನ್ನೊಂದು ತಾರೀಖು ಕೊಡಿ.

ಎರಡು: ತಡವಾದ್ದಕ್ಕೆ ಅಂಕ ಕಳೆಯೋದಾದರೆ ಎಷ್ಟು ಅನ್ನೋದನ್ನ ಮೊದಲೇ ನೋಟೀಸ್ ಬೋರ್ಡಿಗೆ ಹಾಕಿ. ಸಾಹುಕಾರರ ಮಗ ತಡ ಮಾಡಿದರೆ "ಪಾಪ, ಮನೇಲಿ ಮದುವೆ" ಅಂತ ಈಸ್ಕೊಳ್ಳೋ ಕೈ, ಕೂಲಿಯವಳ ಮಗನ ಹಾಳೆಯನ್ನೂ ಈಸ್ಕೊಳ್ಳಬೇಕು. ನಿಯಮ ಬರಹದಲ್ಲಿ ಇಲ್ಲದ ಕಡೆ ಜಾತಿಯೇ ನಿಯಮ.

ಮೂರು: ಇಂಟರ್ನಲ್ ಅಂಕ ವಿಶ್ವವಿದ್ಯಾಲಯಕ್ಕೆ ಹೋಗುವ ಮುಂಚೆ ನಮಗೆ ತೋರಿಸಿ. ದೆಹಲಿಯ ಏಮ್ಸ್ ಬಗ್ಗೆ 2007ರ ಥೋರಟ್ ಸಮಿತಿ ವರದಿ ಓದಿ. ಪ್ರಾಕ್ಟಿಕಲ್, ವೈವಾಗಳಲ್ಲಿ ನ್ಯಾಯವಾದ ಅಂಕ ಸಿಗೋದಿಲ್ಲವೆಂದು ನಮ್ಮ ಹುಡುಗರು ಹೇಳಿದ್ದು ಅಲ್ಲಿ ದಾಖಲಾಗಿದೆ.

ಇನ್ನು ನಿಮಗೊಂದು ಮಾತು. ಸೊನ್ನೆ ಕಂಡ ಕೂಡಲೇ ಟ್ರಂಕು ಹೊತ್ತು ಊರಿನ ಬಸ್ಸು ಹತ್ತಬೇಡಿ. ತಡವಾದರೂ ಬರೆಯಿರಿ. ಒಂದು ಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ. ಆಫೀಸಿನಲ್ಲಿ ತಾರೀಖು, ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋದರೆ ಗದರುತ್ತಾರೆ, ನಾಲ್ಕು ಜನ ಹೋಗಿ.

ನನ್ನ ಆ ಅಸೈನ್‌ಮೆಂಟು ಇನ್ನೂ ನನ್ನ ಹತ್ತಿರ ಇದೆ. ಅದನ್ನ ಯಾರೂ ಓದಿಲ್ಲ. ನಿಮ್ಮದು ಹಾಗಾಗಬಾರದು.

ಜೈ ಭೀಮ್.