ನಕಾಶೆಯಲ್ಲಿ ಉಳಿದ ಸರೋವರ

ಆಂಡೀಸ್ ಪರ್ವತದ ಎರಡು ಸಾಲುಗಳ ನಡುವೆ, ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ ಹಬ್ಬಿರುವ ಎತ್ತರದ ಬಯಲಿಗೆ ಆಲ್ಟಿಪ್ಲಾನೊ ಎಂದು ಹೆಸರು. ಅಲ್ಲಿ ಬಿದ್ದ ಮಳೆ ಯಾವ ಕಡಲನ್ನೂ ಸೇರುವುದಿಲ್ಲ. ಉತ್ತರದ ಟಿಟಿಕಾಕಾ ಸರೋವರದ ನೀರು ಬಹುಪಾಲು ಆವಿಯಾಗಿ ಹೋಗುತ್ತದೆ. ಮಿಕ್ಕದ್ದನ್ನು ದೆಸಾಗ್ವಾದೆರೊ ಎಂಬ ನದಿಯೊಂದು ದಕ್ಷಿಣದ ಪೊವೊಪೊ ಸರೋವರದ ಕಡೆಗೆ ಒಯ್ಯುತ್ತದೆ. ಅದರಾಚೆಗೆ ಉಪ್ಪಿನ ಬಯಲು. 2022ರ ಆಗಸ್ಟಿನಲ್ಲಿ ನಾವು ಆರು ಮಂದಿ ಮೋಟಾರ್ ಸೈಕಲ್ಲುಗಳನ್ನೇರಿ ಈ ನೀರು ಹೋಗುವ ದಿಕ್ಕಿನಲ್ಲಿಯೇ ಪ್ರಯಾಣ ಮಾಡಿದೆವು.

ಟಿಟಿಕಾಕಾ ಇರುವುದು 3,812 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಮೂರನೆಯ ಎರಡು ಪಾಲು ಮಾತ್ರ. ಅಲ್ಲಿ ಮನುಷ್ಯನ ಉಸಿರಿಗೂ ಎಂಜಿನ್ನಿನ ಉಸಿರಿಗೂ ಒಂದೇ ಕಷ್ಟ. ಏರಿನಲ್ಲಿ ವಾಹನಗಳು ಮುದಿಯೆತ್ತುಗಳಂತೆ ಹೆಜ್ಜೆಯಿಟ್ಟವು. ನಾವಾದರೋ ಕೋಕಾ ಎಲೆಯ ಕಷಾಯ ಕುಡಿದು, ಹಿಂದಿನವನ ದೀಪ ಕನ್ನಡಿಯಲ್ಲಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳುತ್ತ ಸಾಗಿದೆವು. ಟಿಕೀನಾ ಎಂಬಲ್ಲಿ ರಸ್ತೆ ನೀರಿಗೆ ಬಂದು ನಿಂತುಬಿಡುತ್ತದೆ. ಮರದ ತೆಪ್ಪಗಳ ಮೇಲೆ ವಾಹನಗಳನ್ನು ದಾಟಿಸಬೇಕು. ಅಲ್ಲಿ ಬೊಲಿವಿಯಾದ ನೌಕಾಪಡೆಯ ನೆಲೆಯುಂಟು. 1879ರಲ್ಲಿ ಚಿಲಿಯೊಡನೆ ಆರಂಭವಾದ ಯುದ್ಧದಲ್ಲಿ ಕಡಲತೀರವನ್ನೆಲ್ಲ ಕಳೆದುಕೊಂಡ ದೇಶ, ನೌಕಾಪಡೆಯನ್ನು ಮಾತ್ರ ಸರೋವರದಲ್ಲಿ ಉಳಿಸಿಕೊಂಡಿದೆ!

ಮೋಟಾರ್ ಸೈಕಲ್ ಎಂದೊಡನೆ ಓದುವ ಹವ್ಯಾಸವುಳ್ಳವರು ಚೆ ಗೆವಾರನನ್ನು ನೆನೆಯುತ್ತಾರೆ. ವಾಸ್ತವದಲ್ಲಿ 1952ರ ಆ ಪ್ರಯಾಣದಲ್ಲಿ ಅವನ ವಾಹನ ಚಿಲಿಯಲ್ಲೇ ಪ್ರಾಣ ಬಿಟ್ಟಿತ್ತು. ಗೆಳೆಯರಿಬ್ಬರೂ ಟಿಟಿಕಾಕಾ ಕಂಡದ್ದು ಲಾರಿ ಹತ್ತಿ ಬಂದು.

ಒರೂರೊ ಪಟ್ಟಣವನ್ನು ದಾಟಿ ದಕ್ಷಿಣಕ್ಕೆ ಹೊರಟರೆ ನಕಾಶೆಯಲ್ಲಿ ಪೊವೊಪೊ ದೊಡ್ಡದೊಂದು ನೀಲಿ ಮಚ್ಚೆ. ಕಣ್ಣಿಗೆ ಕಂಡದ್ದು ಬಿಳುಪು ಹತ್ತಿದ ಕಂದು ನೆಲ. ಒಳ್ಳೆಯ ಮಳೆಯ ವರ್ಷಗಳಲ್ಲಿ 3,000 ಚದರ ಕಿಲೋಮೀಟರಿನಷ್ಟು ಹರಡುತ್ತಿದ್ದ ಈ ಸರೋವರ ಬಹಳ ಆಳದ್ದಲ್ಲ. ನದಿಯ ನೀರನ್ನು ಹೊಲಗಳಿಗೂ ಗಣಿಗಳಿಗೂ ತಿರುಗಿಸಿದರು, ಗಣಿಗಳ ಹೂಳು ಬಂದು ತುಂಬಿತು, ಬಿಸಿಲಿನ ತಾಪ ಏರಿತು, ಬರ ಬಂತು. 2015ರ ಡಿಸೆಂಬರಿನಲ್ಲಿ ಸರೋವರ ಬತ್ತಿತೆಂದು ಸಾರಲಾಯಿತು. ಮಳೆಗಾಲದಲ್ಲಿ ಒಂದಷ್ಟು ನೀರು ನಿಂತರೂ ಉಳಿಯುವುದಿಲ್ಲ.

ದಂಡೆಯಲ್ಲಿರುವವರು ಉರು ಜನ. ತಾವು ನೀರಿನ ಜನ ಎಂಬುದು ಅವರ ಅಭಿಮಾನದ ಮಾತು. ಸುತ್ತಲಿನ ಹೊಲಗಳು ಬೇರೆಯವರವು. ಇವರ ಆಸ್ತಿಯೆಂದರೆ ಮೀನು, ಬಾತು, ಹಕ್ಕಿಯ ಮೊಟ್ಟೆ. ಪೂರ್ವಿಕರ ಭಾಷೆ ಇಲ್ಲಿ ಎಂದೋ ಮರೆತುಹೋಗಿತ್ತು, ಈಗ ಕಸುಬೂ ಹೋಯಿತು. ಹಲವರು ಗಣಿಗಳಿಗೂ ಉಪ್ಪಿನ ಬಯಲಿಗೂ ಕೂಲಿಗೆ ಹೋಗಿದ್ದಾರೆ.

ಒಂದು ಹಳ್ಳಿಯ ಅಂಚಿನಲ್ಲಿ ಮುದುಕನೊಬ್ಬ ನೆಲದ ಮೇಲೆ ಕುಳಿತ ದೋಣಿಯ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದ. ದೋಣಿಯನ್ನೇಕೆ ಮಾರಲಿಲ್ಲವೆಂದು ಸ್ಪ್ಯಾನಿಷ್ ಬಲ್ಲ ನಮ್ಮ ಸಂಗಾತಿ ಕೇಳಿದಳು. 1990ರ ದಶಕದಲ್ಲಿಯೂ ನೀರು ಹೋಗಿತ್ತು, ಮತ್ತೆ ಬಂತಲ್ಲ ಎಂದ. ಅದು ನಿಜವೇ. ಆದರೆ ಆಗಿನ ಬರ ಒಂದು ಬಗೆ, ಈಗಿನದು ಇನ್ನೊಂದು. ಅದನ್ನು ಅವನಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ನಮ್ಮ ಗುಂಪಿನ ಕಿರಿಯನಿಗೆ ಬತ್ತಿದ ತಳದ ಮೇಲೆಯೇ ನೇರವಾಗಿ ವಾಹನ ಓಡಿಸುವ ಆಸೆ. ಮುದುಕ ಎದ್ದು ಬಂದು ಕೈ ಅಡ್ಡ ಹಿಡಿದ. ಅವನಾಡಿದ್ದನ್ನು ಸಂಗಾತಿ ನಮಗೆ ತಿಳಿಸಿದಳು: "ಅತ್ತ ಹೋಗಬೇಡಿ, ಅಲ್ಲಿ ಆಳ."

ನಾವು ದಂಡೆಯನ್ನು ಬಳಸಿಕೊಂಡು ಹೋದೆವು.