ಕೈಬಿಟ್ಟ ಕಂಪನಿಯನ್ನು ನಾವೇಕೆ ಕೈಬಿಡುವುದಿಲ್ಲ?



ಮಗ್ಗದ ಕೂಲಿ, ಬನಿಯನ್ ಕಂಪನಿಯ ಸಂಬಳ, ತೋಟದ ಆದಾಯ. ನಮ್ಮ ಹಣ ಬರುವುದು ಇಂಥ ಕಡೆಯಿಂದ. ಕಷ್ಟಪಟ್ಟು ಉಳಿಸಿದ ಈ ಹಣ ಎಲ್ಲಿಗೆ ಹೋಗುತ್ತದೆ ಎಂಬುದೇ ಇವತ್ತಿನ ಮಾತು.

ತಿರುಪ್ಪೂರಿನ ಪಾಜೀ ಫಾರೆಕ್ಸ್ ಟ್ರೇಡಿಂಗ್ ಕಂಪನಿಯ ಹೆಸರು ನೀವು ಕೇಳಿರಬಹುದು. ವಿದೇಶಿ ಹಣದ ವ್ಯಾಪಾರದಲ್ಲಿ ಭಾರಿ ಲಾಭ ಕೊಡುತ್ತೇವೆ ಎಂದು 2008-09ರಲ್ಲಿ ಅದು ಜನರಿಂದ ಹಣ ಪಡೆಯಿತು. ಜನ ಕಳೆದುಕೊಂಡದ್ದು ಸುಮಾರು 930 ಕೋಟಿ ರೂಪಾಯಿ. ಕೊಯಮತ್ತೂರಿನ ವಿಶೇಷ ಕೋರ್ಟು ಅದನ್ನು ನಡೆಸಿದ ಇಬ್ಬರಿಗೆ 27 ವರ್ಷ ಜೈಲು ಶಿಕ್ಷೆ ಕೊಟ್ಟದ್ದು 2022ರ ಆಗಸ್ಟಿನಲ್ಲಿ. ಹಣ ಹೋದದ್ದು ಯಾವಾಗ, ತೀರ್ಪು ಬಂದದ್ದು ಯಾವಾಗ? ನೀವೇ ಲೆಕ್ಕ ಹಾಕಿ.

ಇನ್ನೊಂದು ಸಂಗತಿ ನೋಡಿ. ಮೊಬೈಲಿನಲ್ಲಿ ಜಾಹೀರಾತು ನೋಡಿದರೆ ಹಣ ಎನ್ನುತ್ತಿದ್ದ ಮೈವಿ3 ಆಡ್ಸ್ ಕಂಪನಿಯ ಮೇಲೆ ಕೊಯಮತ್ತೂರು ಪೊಲೀಸರು ಕೇಸು ಹಾಕಿದರು. 2024ರ ಜನವರಿಯಲ್ಲಿ ಸಾವಿರಾರು ಸದಸ್ಯರು ನೀಲಾಂಬೂರಿನಲ್ಲಿ ಸೇರಿದರು. ಹಣ ವಾಪಸು ಕೇಳೋದಕ್ಕಲ್ಲ, ಕಂಪನಿಯ ಪರವಾಗಿ ನಿಲ್ಲೋದಕ್ಕೆ! ಆ ಕೇಸಿನ ಸರಿತಪ್ಪು ಹೇಳುವುದು ಕೋರ್ಟಿನ ಕೆಲಸ. ಆದರೆ ಹಣ ಹಾಕಿದವರ ಮನಸ್ಸು ಹೀಗೇಕೆ ಕೆಲಸ ಮಾಡುತ್ತದೆ ಎಂದು ನಾವು ಯೋಚಿಸಬೇಕು. ಅವರು ದಡ್ಡರಲ್ಲ. ಓದಿದವರೂ ಇಂಥ ಕಡೆ ಹಣ ಹಾಕುತ್ತಾರೆ.

ಮೊದಲ ಕಾರಣ, ಆರಂಭದಲ್ಲಿ ಹಣ ಬಂದಿರುತ್ತದೆ. "ನಾಲ್ಕು ತಿಂಗಳು ಸರಿಯಾಗಿ ಕೊಟ್ಟರಲ್ಲ" ಅಂತಾರೆ. ಹೊಸಬರು ಹಾಕಿದ ಹಣವನ್ನೇ ಹಳಬರಿಗೆ ಕೊಟ್ಟಿರಬಹುದು ಎಂಬುದು ಹೊಳೆಯುವುದಿಲ್ಲ.

ಎರಡನೆಯದು, ಭಯ. "ದೂರು ಕೊಟ್ಟರೆ ಕಂಪನಿ ಮುಚ್ಚುತ್ತದೆ, ಬರೋದೂ ಬರೋದಿಲ್ಲ" ಎಂದು ಏಜೆಂಟರು ಹೇಳುತ್ತಾರೆ. ಹಣ ಹೋಯಿತು ಎಂದು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಂದು ತಿಂಗಳು ಕಾಯುವುದೇ ಸುಲಭ ಅನ್ನಿಸುತ್ತದೆ. ಹೀಗೇ ವರ್ಷ ಕಳೆಯುತ್ತದೆ.

ಮೂರನೆಯದು, ಮಾನ. ನಾವು ಸೇರಿದ ಮೇಲೆ ಭಾವನನ್ನು ಸೇರಿಸಿರುತ್ತೇವೆ, ನಾದಿನಿಯನ್ನು ಸೇರಿಸಿರುತ್ತೇವೆ. ಕಂಪನಿ ಸರಿಯಿಲ್ಲ ಎಂದರೆ ನಾಳೆ ಅವರ ಮುಖ ನೋಡುವುದು ಹೇಗೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆದ್ದರಿಂದ ಕಂಪನಿಯನ್ನು ಕಾಪಾಡುವ ಹೆಸರಿನಲ್ಲಿ ನಮ್ಮ ಮಾನವನ್ನೇ ಕಾಪಾಡಿಕೊಳ್ಳುತ್ತಿರುತ್ತೇವೆ.

ಹಾಗಾದರೆ ಕಷ್ಟದಲ್ಲಿರುವ ಯಾರ ಜೊತೆಗೂ ನಿಲ್ಲಬಾರದೇ? ಹಾಗಲ್ಲ. ನೇಕಾರರ ಸಂಘಕ್ಕೆ ಒಂದು ವರ್ಷ ನಷ್ಟ ಬರಬಹುದು. ಸದಸ್ಯರು ಬಿಡದೆ ನಿಂತರೆ ಅದು ಚೇತರಿಸಿಕೊಳ್ಳಬಹುದು. ಆದರೆ ಸಂಘದ ಲೆಕ್ಕ ಸಭೆಯಲ್ಲಿ ಓದುತ್ತಾರೆ. ಎಷ್ಟು ನೂಲು ಬಂತು, ಎಷ್ಟು ಸೀರೆ ಮಾರಿತು ಎಂದು ನೀವು ಕೇಳಬಹುದು. ನಿಷ್ಠೆ ಇರಲಿ, ಆದರೆ ಅದು ಲೆಕ್ಕ ತೋರಿಸುವವರಿಗೆ ಇರಲಿ. ಲೆಕ್ಕ ಕೇಳಿದರೆ ಸಿಟ್ಟಾಗುವವರಿಗೆ ಬೇಡ.

ಒಂದು ಸಣ್ಣ ಲೆಕ್ಕ ಮಾಡಿ. ಲಕ್ಷಕ್ಕೆ ತಿಂಗಳಿಗೆ 10,000 ರೂಪಾಯಿ ಕೊಡುತ್ತೇವೆ ಎಂದು ಒಬ್ಬರು ಹೇಳುತ್ತಾರೆ. ವರ್ಷಕ್ಕೆ 1,20,000 ಆಯಿತು. ಹಾಕಿದ ಹಣಕ್ಕಿಂತ ಹೆಚ್ಚು! ನಿಮ್ಮ ಊರಿನಲ್ಲಿ ಯಾವ ಮಗ್ಗ, ಯಾವ ತೋಟ ಇಷ್ಟು ದುಡಿಯುತ್ತದೆ?

ಈಗಾಗಲೇ ಹಣ ಸಿಕ್ಕಿಕೊಂಡಿದ್ದರೆ ರಸೀದಿ, ಬಾಂಡು, ಬ್ಯಾಂಕ್ ಪಾಸ್‌ಬುಕ್ ಜೋಪಾನ ಮಾಡಿ. "ಹಳೆಯ ರಸೀದಿ ಕೊಡಿ, ಹೊಸದು ಕೊಡುತ್ತೇವೆ" ಎಂದರೆ ಕೊಡಬೇಡಿ. ಪೊಲೀಸ್ ಇಲಾಖೆಯ ಆರ್ಥಿಕ ಅಪರಾಧ ವಿಭಾಗಕ್ಕೆ ದೂರು ಕೊಡಿ. ತಮಿಳುನಾಡಿನಲ್ಲಿ ಠೇವಣಿದಾರರ ರಕ್ಷಣೆಗೆ 1997ರ ಕಾನೂನು ಇದೆ. ಅದರ ಪ್ರಕಾರ ಕಂಪನಿಯ ಆಸ್ತಿಯನ್ನು ಜಪ್ತಿ ಮಾಡಿ, ಕೋರ್ಟಿನ ಮೂಲಕ ಠೇವಣಿದಾರರಿಗೆ ಹಂಚಲು ಸಾಧ್ಯ. ತಡಮಾಡಿದಷ್ಟೂ ಆಸ್ತಿ ಕೈಜಾರುತ್ತದೆ.

ಭಾವನ ಮುಂದೆ, ನಾದಿನಿಯ ಮುಂದೆ ಸತ್ಯ ಹೇಳುವುದು ಕಷ್ಟವೇ. ಆದರೂ ಇವತ್ತೇ ಹೇಳಿ. ಅವರು ಇನ್ನೊಂದು ಕಂತು ಕಟ್ಟುವ ಮೊದಲು ಹೇಳಿ. ನೀವು ಅಕ್ಷರ ಕಲಿತಿದ್ದೀರಿ, ಅಂಕಿ ಕಲಿತಿದ್ದೀರಿ. ಸಹಿ ಹಾಕುವ ಮೊದಲು ಓದಿ. ಓದಿದ್ದು ಅರ್ಥವಾಗದಿದ್ದರೆ ಕಲಿಕಾ ಕೇಂದ್ರಕ್ಕೆ ತನ್ನಿ, ಕೂತು ಓದೋಣ.